ಚಿಕ್ಕಪ್ಪನ ಮುಖ ಯಾವ ಕಡೆಗೆ

ಕಳೆದ ತಿಂಗಳು ನನ್ನ ಹಳೆಯ ಥಿಯೋಡಲೈಟನ್ನು ಮಾರಿಬಿಡೋಣ ಅಂತ ಕಡೂರಿಗೆ ಹೊತ್ತುಕೊಂಡು ಹೋಗಿದ್ದೆ. ಹೆಸರು ದೊಡ್ಡದು, ವಸ್ತು ಅಂಥದ್ದೇನಲ್ಲ. ಮೂರು ಕಾಲಿನ ಮೇಲೆ ಕೂರುವ ದುರ್ಬೀನು. ರಸ್ತೆ ಬದಿಯಲ್ಲಿ ಸರ್ವೆಯವರು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡುತ್ತಿರುತ್ತಾರಲ್ಲ, ಅದೇ. ಈಗ ಅದನ್ನು ಯಾರೂ ಕೇಳುವುದಿಲ್ಲ, ಎಲ್ಲಾ ಉಪಗ್ರಹದ ಕಾಲ. ಅಂಗಡಿಯವನು ಪೆಟ್ಟಿಗೆ ತೆಗೆಯಿರಿ ಅಂದ. ತೆಗೆದೆ. ಮೊದಲು ಬೂಷ್ಟಿನ ವಾಸನೆ ಬಂತು, ಅದರ ಹಿಂದೆಯೇ ಒಣ ಮರಳಿನ ವಾಸನೆ. ಒಂದು ನಮ್ಮ ಆಷಾಢದ್ದು, ಇನ್ನೊಂದು ಅರಬ್ಬರ ಮರುಭೂಮಿಯದ್ದು. ಎರಡೂ ಒಂದೇ ವರ್ಷದಲ್ಲಿ ಆ ಪೆಟ್ಟಿಗೆಯೊಳಕ್ಕೆ ಸೇರಿಕೊಂಡವು. ಇವತ್ತು ಬೇಡ ಬಿಡ್ರಿ ಅಂತ ಮುಚ್ಚಿಕೊಂಡು ತರೀಕೆರೆ ಬಸ್ಸು ಹತ್ತಿದೆ. ಬೀರೂರು ದಾಟಿದರೂ ತಲೆಯಲ್ಲಿ ಆ ವರ್ಷವೇ ಕೂತಿತ್ತು.

ನಾನು ತರೀಕೆರೆಯಲ್ಲಿ ಖಾಸಗಿ ಸರ್ವೆಯರ್. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವ ಕೆಲಸ. ಅದು ಸಾಕಾಗಿ ಕೆಲವು ವರ್ಷ ಸೌದಿಯಲ್ಲಿ ರಸ್ತೆ ಅಳೆಯಲು ಹೋಗಿದ್ದೆ. ಅಲ್ಲಿ ಯುರೋಪಿನ ಒಬ್ಬ ಪಂಡಿತೆ, ನಾವೆಲ್ಲ ಮೇಡಂ ಅನ್ನುತ್ತಿದ್ದೆವು, ಸೂರ್ಯನನ್ನು ಹಿಡಿದು ದಿಕ್ಕು ತೆಗೆಯಬಲ್ಲ ಹಳೇ ಕಾಲದ ಸರ್ವೆಯವನನ್ನು ಹುಡುಕುತ್ತಿದ್ದರು. ಸಿಕ್ಕಿದವನು ನಾನು. ಆ ಚಳಿಗಾಲ ಪೂರ್ತಿ ಅವರ ಜೊತೆ ಬಂಡೆಗಳ ನಡುವೆ ಕಳೆದೆ.

ಅಲ್ಲಿ ಎರಡು ಸಾವಿರ ವರ್ಷದ ಹಿಂದೆ ನಬಾಟಿಯನ್ನರು ಅಂತ ಒಂದು ಜನ ಇದ್ದರಂತೆ. ಒಂಟೆ ಮೇಲೆ ಧೂಪ, ಸಾಂಬ್ರಾಣಿ ಹೇರಿಕೊಂಡು ಊರೂರಿಗೆ ಮಾರಿದವರು. ಬದುಕಿದ್ದಾಗ ಇದ್ದ ಮನೆಗಳು ಮಣ್ಣಾಗಿವೆ, ಸತ್ತವರಿಗೆ ಕೊರೆದ ಮನೆಗಳು ಮಾತ್ರ ನಿಂತಿವೆ. ಗುಡ್ಡದ ಗೋಡೆಯನ್ನೇ ಮೇಲಿನಿಂದ ಕೆಳಕ್ಕೆ ಕೆತ್ತಿ, ಕಂಬ, ಸೂರಿನ ಅಂಚು, ಬಾಗಿಲು ಎಲ್ಲಾ ಮಾಡಿ, ಒಳಗೆ ಕೋಣೆ ತೋಡಿ ಹೆಣ ಇಟ್ಟಿದ್ದಾರೆ. ಈಗ ಒಳಗೆ ಯಾರೂ ಇಲ್ಲ, ಮರಳು, ಬಾವಲಿ ಅಷ್ಟೆ. ಮೇಡಂಗೆ ಬೇಕಾಗಿದ್ದು ಒಂದೇ ಪ್ರಶ್ನೆ. ಆ ಬಾಗಿಲುಗಳು ಯಾವ ಕಡೆ ನೋಡುತ್ತವೆ? ವರ್ಷದ ಯಾವುದಾದರೂ ಒಂದು ದಿನ, ದಕ್ಷಿಣಾಯನ ಮುಗಿಯುವ ಹೊತ್ತಿಗೋ, ಹಗಲಿರುಳು ಸಮ ಆಗುವ ಹೊತ್ತಿಗೋ, ಹುಟ್ಟುವ ಇಲ್ಲವೇ ಮುಳುಗುವ ಸೂರ್ಯ ನೇರ ಒಳಗೆ ಬೀಳುತ್ತಾನೆಯೇ? ಒಂದೊಂದು ಬಾಗಿಲ ಮುಂದೆ ಯಂತ್ರ ನಿಲ್ಲಿಸಿ ಮುಖದ ದಿಕ್ಕು, ಎದುರಿನ ಗುಡ್ಡದ ಎತ್ತರ ತೆಗೆಯುವುದು ನನ್ನ ಪಾಲು. ಕೆಲವಕ್ಕೆ ಸೂರ್ಯ ಸಿಕ್ಕಿದ. ಬಹಳಷ್ಟಕ್ಕೆ ಸಿಗಲಿಲ್ಲ. ಬಂಡೆ ಎತ್ತ ಮುಖ ಮಾಡಿತ್ತೋ ಕೆತ್ತುವವನೂ ಅತ್ತಲೇ ಮುಖ ಮಾಡಿದ್ದ. ಮೇಡಂ ಒಪ್ಪುತ್ತಿರಲಿಲ್ಲ, ಇನ್ನೊಮ್ಮೆ ನೋಡು ಅನ್ನುತ್ತಿದ್ದರು.

ಬೇಸಿಗೆಗೆ ಊರಿಗೆ ಬಂದೆ. ಲೆಕ್ಕ ಮಾಡುವ ಕೆಲಸ ತರೀಕೆರೆಯ ಬಾಡಿಗೆ ಮನೆಯಲ್ಲೇ ಕೂತು ಮಾಡುವುದು ಅಂತಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಆ ವರ್ಷದ ಆಷಾಢ ಹೇಗಿತ್ತು ಅಂದರೆ, ಬಿರುಸಿನ ಮಳೆಯೂ ಅಲ್ಲ, ಬಿಡುವೂ ಅಲ್ಲ. ಬೆಳಿಗ್ಗೆ ಎದ್ದರೆ ಮೋಡ, ಮಲಗುವಾಗಲೂ ಮೋಡ, ನಡುವೆ ಸೋನೆ. ಕೆಮ್ಮಣ್ಣುಗುಂಡಿಯ ಬೆಟ್ಟ ಇದೆಯೋ ಇಲ್ಲವೋ ಅನ್ನುವುದು ಗೊತ್ತಾಗುತ್ತಿರಲಿಲ್ಲ. ಚಡ್ಡಿ ಒಣಗದ ಕಾಲದಲ್ಲಿ ಕೂತು ಮರುಭೂಮಿಯ ಬಿಸಿಲಿನ ಲೆಕ್ಕ ಹಾಕುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕಾಫಿಗೆ ಹೋದರೆ, ಬಂದ್ರಪ್ಪ ಸತ್ತೋರ ಸರ್ವೆಯರ್ರು, ಅಂತ ಛೇಡಿಸುತ್ತಿದ್ದರು. ಬದುಕಿರೋರಿಗಿಂತ ಅವರೇ ವಾಸಿ, ತಕರಾರು ತೆಗೆಯಲ್ಲ ಅಂತ ನಾನೂ ಅನ್ನುತ್ತಿದ್ದೆ. ಆ ಮಾತು ಬಹಳ ದಿನ ನಡೆಯಲಿಲ್ಲ.

ಅಜ್ಜಂಪುರದ ಹತ್ತಿರ ರೈಲು ಕಂಬಿಯ ಪಕ್ಕದ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕಮ್ಮ ಗಂಗಮ್ಮ ಇದ್ದಳು, ನನ್ನ ತಾಯಿಯ ತಂಗಿ. ಗಂಡ ಬಸಪ್ಪ ಚಿಕ್ಕಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅವರೂ ಹೋಗಿದ್ದು ಇಂಥದ್ದೇ ಒಂದು ಆಷಾಢದಲ್ಲಿ. ನಮ್ಮಲ್ಲಿ ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಗುಂಡಿ ತೋಡಿ, ಅದರ ಗೋಡೆಯಲ್ಲಿ ಒಂದು ಗೂಡು ಕೊರೆದು, ಅದರೊಳಗೆ ಕೂರಿಸುತ್ತೇವೆ. ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಹಣೆಗೆ ವಿಭೂತಿ ಬಳಿದು, ಸುತ್ತಲೂ ವಿಭೂತಿ ಗಟ್ಟಿ, ಬಿಲ್ವಪತ್ರೆ, ಉಪ್ಪು ತುಂಬಿ ಮುಚ್ಚುವುದು. ಮುಖ ಬಡಗಲಿಗೆ, ಅಂದರೆ ಉತ್ತರಕ್ಕೆ ಇರಬೇಕು, ಅದು ನಮ್ಮ ಊರಿನ ಕಡೆಯ ಪದ್ಧತಿ. ಮೇಲೆ ಸಿಮೆಂಟಿನ ಗದ್ದುಗೆ ಕಟ್ಟಿ, ಮುಖ ಇರುವ ಕಡೆಗೆ ದೀಪ ಇಡಲು ಸಣ್ಣ ಗೂಡು ಬಿಡುತ್ತಾರೆ.

ಚಿಕ್ಕಪ್ಪನ ತಮ್ಮ ರುದ್ರಪ್ಪ. ಅದೇ ಊರು, ಗೋಡೆ ಹಂಚಿಕೊಂಡ ಪಕ್ಕದ ಮನೆ. ಅವನ ಮಗ ಮಂಜು ಆ ವರ್ಷ ಬೀರೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದ. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮನೆಗೆ ಕರೆತಂದರು, ಆದರೆ ಸೊಂಟದಿಂದ ಕೆಳಗೆ ಸ್ವಾಧೀನ ಇರಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ, ಆಳೆತ್ತರ ಬೆಳೆದವನು. ಮಗ್ಗುಲು ಹೊರಳಿಸುವುದಕ್ಕೂ ಅಪ್ಪನೇ ಬೇಕು. ಮಂಜುವಿನ ತಾಯಿಗೆ ಮೊದಲೇ ಉಬ್ಬಸ, ಅವಳ ಕೈಲಿ ಎತ್ತಲು ಆಗುತ್ತಿರಲಿಲ್ಲ. ರುದ್ರಪ್ಪ ಹಗಲು ರಾತ್ರಿ ಅನ್ನದೆ ಮಾಡಿದ. ಡಾಕ್ಟರು ಹೇಳಿದ್ದು ಕಾಯಬೇಕು ಅಂತ ಮಾತ್ರ. ಕಾಯುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಕಂಡಕಂಡವರನ್ನು ಕೇಳಿದ, ಹರಕೆ ಹೊತ್ತ. ಕೊನೆಗೆ ಯಾರೋ ಕಡೂರಿನಿಂದ ಒಬ್ಬ ವಾಸ್ತು ಪಂಡಿತನನ್ನು ಕರೆದುಕೊಂಡು ಬಂದರು.

ಪಂಡಿತ ಮನೆ ನೋಡಿದ, ಬಾವಿ ನೋಡಿದ, ಎಲ್ಲಾ ಸರಿಯಿದೆ ಅಂದ. ಆಮೇಲೆ ಹೊಲದ ಬದಿಯ ಸಮಾಧಿಗಳ ಹತ್ತಿರ ಹೋಗಿ ಫೋನು ಹಿಡಿದು ನಿಂತ. ನಿಮ್ಮಣ್ಣ ಬಡಗಲಿಗೆ ನೋಡ್ತಿಲ್ಲ ಕಣ್ರೀ, ವಾಯುವ್ಯಕ್ಕೆ ನೋಡ್ತಾವ್ರೆ ಅಂದನಂತೆ. ಅದು ಗಾಳಿಯ ಮೂಲೆ, ಅತ್ತ ಮುಖ ಮಾಡಿ ಕೂತ ಹಿರಿಯ ನೆಲೆ ನಿಲ್ಲುವುದಿಲ್ಲ, ಮನೆಯ ಗಂಡುಮಕ್ಕಳನ್ನೂ ನಿಲ್ಲಲು ಬಿಡುವುದಿಲ್ಲ. ತೆಗೆದು, ಸರಿಯಾಗಿ ಕೂರಿಸಿದರೆ ಹುಡುಗ ಎದ್ದು ನಿಲ್ಲುತ್ತಾನೆ. ಮಠದ ಅಯ್ಯನವರನ್ನು ಕೇಳಿದರೆ, ಮುಟ್ಟದಿದ್ದರೆ ಒಳ್ಳೆಯದು, ಆದರೆ ನಿಮ್ಮ ಮನೆತನಕ್ಕೆ ಬಿಟ್ಟಿದ್ದು ಅಂದರು. ಈ ಮಾತಿನಲ್ಲಿ ರುದ್ರಪ್ಪ ಕೇಳಿಸಿಕೊಂಡಿದ್ದು ಎರಡನೇ ಅರ್ಧ ಮಾತ್ರ.

ಚಿಕ್ಕಮ್ಮ ಕೊಡೆ ಹಿಡಿದುಕೊಂಡು ಬಸ್ಸಿನಲ್ಲಿ ತರೀಕೆರೆಗೆ ಬಂದಳು. ಸೆರಗೆಲ್ಲ ಒದ್ದೆ. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ನನ್ನ ಮೇಜಿನ ಮೇಲಿದ್ದ ಸಮಾಧಿಗಳ ಚಿತ್ರ ನೋಡುತ್ತಾ, ಇವೇನೋ ಅಂತ ಕೇಳಿದಳು. ಹೇಳಿದೆ. ಬಾಗಿಲ ಮೇಲೆ ಅವರು ಬರೆಸಿದ್ದನ್ನೂ ಹೇಳಿದೆ: ಇದನ್ನು ತೆರೆದವನಿಗೆ, ಒಳಗಿನವರನ್ನು ಕದಲಿಸಿದವನಿಗೆ ದೇವರ ಶಾಪ ತಟ್ಟಲಿ ಅಂತ ಕೆಲವು ಕಡೆ ಕಲ್ಲಿನಲ್ಲೇ ಕೆತ್ತಿದ್ದಾರೆ, ನಮ್ಮ ಶಾಸನಗಳ ಕೊನೆಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗಲಿ ಅಂತ ಬರೆಯುವುದಿಲ್ಲವೇ, ಹಾಗೆ. ಬುದ್ಧಿವಂತರು ಅಂದಳು. ಚಿತ್ರವನ್ನು ಅತ್ತ ಸರಿಸಿ ಹೇಳಿದಳು:

"ನಾನು ಅವ್ರನ್ನ ಕೂರಿಸಿ ಕಳಿಸಿದ್ದೀನಿ ಕಣೋ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ನಿದ್ದೆ ಮಾಡ್ದಂಗೆ ಇದ್ರು. ಅದೇ ಮುಖ ನಂಗೆ ಉಳಿದಿರೋದು. ಈಗ ತೆಗೆದ್ರೆ ಏನು ಬತ್ತದೆ? ಅದನ್ನ ನೋಡಿ ನಾನು ಹೆಂಗೆ ಇರ್ಲಿ?"

ಅವಳ ಮಾತು ತಪ್ಪಲ್ಲ. ರುದ್ರಪ್ಪನ ಕಡೆಯಿಂದ ನೋಡಿದರೆ ಅವನದೂ ತಪ್ಪಲ್ಲ. ಸತ್ತವನನ್ನು ಸ್ವಲ್ಪ ತಿರುಗಿಸಿದರೆ ಬದುಕಿರುವವನು ಏಳುತ್ತಾನೆ ಅಂದರೆ ಯಾವ ತಂದೆ ಸುಮ್ಮನಿರುತ್ತಾನೆ? ಅವನೂ ಫೋನು ಮಾಡಿದ್ದ. ನೀನು ಅರಬ್ ದೇಶದ ಸಮಾಧಿಗೆಲ್ಲ ದಿಕ್ಕು ಹೇಳ್ತೀಯ, ನಿಮ್ಮ ಚಿಕ್ಕಪ್ಪಂದು ಹೇಳು. ಬಡಗಲಿಗೇ ಇದೆ ಅಂತ ನೀನು ಅಂದ್ರೆ ನಾನು ಮುಟ್ಟಲ್ಲ, ಇಲ್ಲ ಅಂದ್ರೆ ಅತ್ತಿಗೆ ಅಡ್ಡ ಬರಬಾರದು. ಚಿಕ್ಕಮ್ಮನಿಗೂ ಇದೇ ಮಾತು ಹೇಳಿದ್ದ. ಅವಳು ಒಪ್ಪಿಬಿಟ್ಟಿದ್ದಳು, ಯಾಕೆಂದರೆ ಗಂಡ ಸರಿಯಾಗಿಯೇ ಕೂತಿದ್ದಾರೆ ಅಂತ ಅವಳಿಗೆ ನಂಬಿಕೆ. ನನ್ನನ್ನು ಯಾರೂ ಕೇಳಲಿಲ್ಲ. ಇಬ್ಬರ ಜಗಳದ ನಡುವೆ ನಿಲ್ಲುವ ಹಳೇ ಕೆಲಸ ಮತ್ತೆ ಹೆಗಲಿಗೆ ಬಂತು.

ಹೋಗಿ ನೋಡಿದೆ. ಸಮಾಧಿಗಳ ಪಕ್ಕದಲ್ಲೇ ರೈಲು ಕಂಬಿ, ಇತ್ತ ಕಬ್ಬಿಣದ ಬೇಲಿ. ಫೋನಿನ ದಿಕ್ಸೂಚಿ ಕುಡಿದವನ ಹಾಗೆ ಓಲಾಡುತ್ತಿತ್ತು. ಒಂದು ಹೆಜ್ಜೆ ಈಚೆ ಇಟ್ಟರೆ ಒಂದು ಬಡಗಲು, ಆಚೆ ಇಟ್ಟರೆ ಇನ್ನೊಂದು. ಇದನ್ನು ನಂಬಿ ಹೆಣ ತೆಗೆಯಲಾಗದು, ಸೂರ್ಯನಿಂದಲೇ ತೆಗೆಯಬೇಕು ಅಂದೆ. ಬಿಸಿಲು ಬಂದ ದಿನ ಬರುತ್ತೇನೆ, ಅದೂ ಬೆಳಗಿನ ಬಿಸಿಲೇ ಆಗಬೇಕು. ಆ ತಿಂಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಹತ್ತಿರ ಬಂದಿರುತ್ತಾನೆ, ನೆರಳೆಲ್ಲ ಕಾಲಡಿಗೆ ಸೇರಿರುತ್ತದೆ. ಇಬ್ಬರೂ ತಲೆಯಾಡಿಸಿದರು.

ಅಲ್ಲಿಂದ ಶುರುವಾಯಿತು ನೋಡಿ ಕಾಯುವುದು. ಮರುಭೂಮಿಯಲ್ಲಿ ಬಿಸಿಲು ಯಾವಾಗ ಇಳಿಯುತ್ತದಪ್ಪಾ ಅಂತ ಕೊರಗಿದವನು, ಇಲ್ಲಿ ಒಂದು ಗಳಿಗೆ ಬಿಸಿಲಿಗೆ ಬಾಯಿ ಬಿಟ್ಟುಕೊಂಡು ಕೂತೆ. ರುದ್ರಪ್ಪ ದಿನಾ ಬೆಳಿಗ್ಗೆ ಫೋನು ಮಾಡುವನು, ಅಲ್ಲಿ ಬೆಳಕು ಹರಿತಾ, ಇಲ್ಲಿ ಮೂಡಲ ಕಡೆ ಸ್ವಲ್ಪ ತೆಳುವಾಗಿದೆ ಅಂತ. ಹಿನ್ನೆಲೆಯಲ್ಲಿ ಮಂಜುವಿನ ದನಿ ಕೇಳುತ್ತಿತ್ತು, ಅಪ್ಪಾ ಮಗ್ಗುಲು ಬದಲಿಸು ಅಂತ. ಚಿಕ್ಕಮ್ಮ ಸಂಜೆ ಫೋನು ಮಾಡುವಳು. ಇವತ್ತೂ ಮೋಡ ಕಣೋ ಅನ್ನುವಳು, ದನಿಯಲ್ಲಿ ಸಮಾಧಾನ. ಮಳೆ ನಿಲ್ಲದಿರಲಿ ಅಂತ ಅವಳು ಲಿಂಗಕ್ಕೆ ಕೈಮುಗಿಯುತ್ತಿದ್ದಳು, ನಿಲ್ಲಲಿ ಅಂತ ಗೋಡೆಯಾಚೆ ರುದ್ರಪ್ಪ ಅದೇ ಶಿವನಿಗೆ ಕೈಮುಗಿಯುತ್ತಿದ್ದ. ನಡುವೆ ಮೇಡಂ ಬೇರೆ ಕಂಪ್ಯೂಟರಿನ ತೆರೆಯ ಮೇಲೆ ಬಂದು, ಆ ಗುಡ್ಡದ ಆಚೆ ಬಾಗಿಲಿಗೆ ಸೂರ್ಯ ಬೀಳುತ್ತಾನೆ ಅಂತ ನನಗೆ ಅನ್ನಿಸುತ್ತಿದೆ, ಇನ್ನೊಮ್ಮೆ ಲೆಕ್ಕ ಮಾಡು ಅನ್ನುವರು. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ದಿಕ್ಕುಗಳ ಮೇಲೇ ಹೇಸಿಗೆ ಬಂದಿತ್ತು. ಎಲ್ಲರಿಗೂ ಬೇಕಾದ ದಿಕ್ಕು ಮೊದಲೇ ಮನಸ್ಸಿನಲ್ಲಿದೆ, ನನ್ನ ಬಾಯಿಂದ ಹೇಳಿಸಬೇಕು ಅಷ್ಟೆ.

ಒಂದು ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ ಬಿಸಿಲು. ಬಟ್ಟೆಗಳನ್ನೆಲ್ಲ ಹೊರಗೆ ಹಾಕಿ ಜನ ಹಬ್ಬ ಮಾಡುತ್ತಿದ್ದರು. ಪೆಟ್ಟಿಗೆ ಹೊತ್ತು ಮೊದಲ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮೋಡ ಮುಚ್ಚಿಬಿಡಲಿ ಅಂತಲೇ ನನ್ನ ಹಾರೈಕೆ. ಮುಚ್ಚಲಿಲ್ಲ.

ಸಮಾಧಿಯ ಹತ್ತಿರ ರುದ್ರಪ್ಪ ಆಗಲೇ ನಿಂತಿದ್ದ. ಕೆನ್ನೆ ಬತ್ತಿ ಹೋಗಿತ್ತು, ಕಣ್ಣು ಕೆಂಪಗೆ. ಪಕ್ಕದಲ್ಲಿ ಗುಂಡಿ ತೋಡುವ ಹನುಮಂತಪ್ಪ ಮತ್ತು ಅವನ ತಮ್ಮ, ಗುದ್ದಲಿ, ಹಾರೆ ಸಮೇತ. ಚಿಕ್ಕಮ್ಮ ಗಂಡನ ಗದ್ದುಗೆಗೆ ಒರಗಿಕೊಂಡು ಕೂತಿದ್ದಳು. ಏಳು ಅಂದರೆ ಏಳಲಿಲ್ಲ, ನಿನ್ನ ಯಂತ್ರಕ್ಕೆ ನಾನೇನು ಅಡ್ಡ ಬಂದಿದ್ದೀನಾ ಅಂದಳು. ಸೂರ್ಯನನ್ನು ಹಿಡಿದೆ, ಗಡಿಯಾರ ನೋಡಿದೆ, ಗದ್ದುಗೆಯ ಮುಖ ಹಿಡಿದೆ. ಕಾಗದದ ಮೇಲೆ ಲೆಕ್ಕ ಹಾಕಿ, ಮತ್ತೊಮ್ಮೆ ಹಾಕಿದೆ. ಪಂಡಿತ ಹೇಳಿದ್ದೇ ಸರಿ. ಚಿಕ್ಕಪ್ಪ ಬಡಗಲು ಬಿಟ್ಟು ಪಡುವಣಕ್ಕೆ ಚೆನ್ನಾಗಿಯೇ ವಾಲಿದ್ದರು.

ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ. ಸೆರಗನ್ನು ಹೊದ್ದು ಎದ್ದು ನಿಂತು, ಆಡಿದ ಮಾತು ಆಡಿದ್ದೇ, ಮಾಡ್ಕೊಳ್ಳಿ, ಆದ್ರೆ ನಾನು ಇಲ್ಲೇ ಇರ್ತೀನಿ ಅಂದಳು. ಹನುಮಂತಪ್ಪ ಹಾರೆ ಕೈಗೆ ತೆಗೆದುಕೊಂಡ.

ಯಂತ್ರ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಮರುಭೂಮಿಯಲ್ಲಿ ಕಲಿತ ಒಂದು ಚಟ: ಒಂದು ಬಾಗಿಲು ಅಳೆದು ಮಾತಾಡಬಾರದು, ಸಾಲಿನಲ್ಲಿರುವ ಎಲ್ಲವನ್ನೂ ಅಳೆದೇ ಮಾತಾಡಬೇಕು. ಕೈಗೆ ಕೆಲಸ ಬೇಕಿತ್ತೋ, ಚಿಕ್ಕಮ್ಮನ ಮುಖ ತಪ್ಪಿಸಬೇಕಿತ್ತೋ, ಪಕ್ಕದ ಗದ್ದುಗೆಯ ಕಡೆ ದುರ್ಬೀನು ತಿರುಗಿಸಿದೆ. ಅದೂ ಅಷ್ಟೇ ವಾಲಿತ್ತು. ಅದರಾಚೆಯದ್ದೂ ಅಷ್ಟೇ. ಹನುಮಂತಪ್ಪ, ಸ್ವಲ್ಪ ತಡಿ ಅಂದೆ. ಆ ಸಾಲು ಪೂರ್ತಿ ನೋಡಿದೆ. ಎಲ್ಲರೂ ಒಂದೇ ಕಡೆಗೆ ಮುಖ ಮಾಡಿ ಕೂತಿದ್ದಾರೆ, ಶಾಲೆಯ ಹುಡುಗರ ಸಾಲಿನ ಹಾಗೆ. ದಿಬ್ಬದ ಮೇಲೆ ಹುಲ್ಲು ಬೆಳೆದ, ಹೆಸರೇ ಅಳಿಸಿ ಹೋದ ಎರಡು ಮೂರು ಹಳೇ ಕಲ್ಲಿನ ಗದ್ದುಗೆಗಳು ಮಾತ್ರ ನೆಟ್ಟಗೆ ಬಡಗಲಿಗೆ ನೋಡುತ್ತಿದ್ದವು.

ನೀವು ಗುಂಡಿ ತೋಡುವಾಗ ದಿಕ್ಕು ಹೇಗೆ ಹಿಡಿಯುತ್ತೀರಿ ಅಂತ ಹನುಮಂತಪ್ಪನನ್ನು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಕಂಬಿ ನೋಡ್ಕೊಂಡು ಅಂದ. ಬೀರೂರು ಕಡೆ ತೆಂಕಲು, ಚಿಕ್ಕಜಾಜೂರು ಕಡೆ ಬಡಗಲು, ಎಲ್ರಿಗೂ ಗೊತ್ತಿರೋದೇ. ನಮ್ಮಪ್ಪನೂ ಹಂಗೇ ತೋಡಿದ್ದು, ಅವನ ಅಪ್ಪನೂ ಹಂಗೇ.

ಮಾತು ಸುಳ್ಳಲ್ಲ. ರೈಲು ಬೀರೂರಿನಿಂದ ಹೊರಟು ಅಜ್ಜಂಪುರದ ಮೇಲೆ ಹಾದು ಬಡಗಲಿಗೇ ಹೋಗುತ್ತದೆ. ಆದರೆ ಈ ಊರಿನ ಹತ್ತಿರ ಕೆರೆ ಇದೆ. ಕಂಬಿ ಕೆರೆಯನ್ನು ಬಳಸಿಕೊಂಡು, ಸಮಾಧಿಗಳಿರುವ ಜಾಗದಲ್ಲಿ ಪಡುವಣಕ್ಕೆ ವಾಲಿ, ಆಮೇಲೆ ಮತ್ತೆ ನೆಟ್ಟಗಾಗುತ್ತದೆ. ದಿನಾ ಅದರ ಪಕ್ಕ ಓಡಾಡುವ ಕಣ್ಣಿಗೆ ಅದು ಕಾಣಿಸುವುದಿಲ್ಲ. ರೈಲು ಬಂದ ಕಾಲದಿಂದ ಸತ್ತವರನ್ನೆಲ್ಲ ರೈಲು ಹೋಗುವ ಕಡೆಗೇ ಕೂರಿಸಿದ್ದರು. ಅದಕ್ಕೆ ಮುಂಚೆ ಸತ್ತವರು ಆ ದಿಬ್ಬದ ಮೇಲಿನವರು.

ರುದ್ರಪ್ಪ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿದ. ಮೂರನೆಯದು ಅವನ ತಂದೆಯದು, ಅದರಾಚೆ ತಾಯಿಯದು. ತಂದೆಯ ಗದ್ದುಗೆಯ ಮುಂದೆ ನಿಂತ. ಇವರೂ ಹಂಗೇನಾ ಅಂತ ಕೇಳಿದ. ಹೂಂ ಅಂದೆ.

"ನಮ್ಮಪ್ಪನೂ ಅತ್ಲಾಗೇ ನೋಡ್ತಾ ಕೂತವ್ನೆ. ಅವನು ನಮ್ಮನ್ನ ಸಾಕಿ ದೊಡ್ಡೋರ್ ಮಾಡ್ದ. ಅವನಿಂದ ನಮಗೆ ಏನ್ ಕೆಟ್ಟದಾಯ್ತು?"

ಅವನು ಹನುಮಂತಪ್ಪನ ಕಡೆ ನೋಡಿ ಕೈಯಾಡಿಸಿದ, ಬೇಡ ಹೋಗ್ರಪ್ಪ ಅಂತ. ಅವರು ಗುದ್ದಲಿ ಹೆಗಲಿಗೇರಿಸಿಕೊಂಡು ಹೊರಟರು. ಚಿಕ್ಕಮ್ಮ ಗೆದ್ದಳು ಅಂದುಕೊಂಡೆ. ಆದರೆ ರುದ್ರಪ್ಪ ಹೋಗಲಿಲ್ಲ. ಒದ್ದೆ ಹುಲ್ಲಿನ ಮೇಲೆ ಹಾಗೇ ಕುಸಿದು ಕೂತ. ಗಂಡಸು ಅಳುವುದನ್ನು ನಾನು ಪಾಲು ವ್ಯಾಜ್ಯಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಇದು ಹಾಗಿರಲಿಲ್ಲ. ಸದ್ದೇ ಇಲ್ಲ, ಹೆಗಲು ಮಾತ್ರ ಅಲುಗುತ್ತಿತ್ತು.

"ದಿಕ್ಕಿಂದಲೇ ಆಗಿದ್ರೆ ಸರಿ ಮಾಡ್ಬೋದಿತ್ತಲ್ಲೋ," ಅಂದ ನನಗೆ. "ಒಂದು ಕೆಲ್ಸ ಅಂತ ಇತ್ತು. ಈಗ ನಾನು ಏನ್ ಮಾಡ್ಲಿ ಹೇಳು? ಮನೆಗೋಗಿ ಅವನ ಮುಖ ಹೆಂಗ್ ನೋಡ್ಲಿ?"

ಬಿಸಿಲು ಬರುವವರೆಗೆ ಅವನಿಗೆ ಕಾಯಲು ಒಂದು ದಿನವಿತ್ತು, ಅದನ್ನು ನಾನು ಕೆಡಿಸಿದ್ದೆ. ಯಂತ್ರ ಬಿಚ್ಚುತ್ತಾ ನಿಂತೆ.

ಚಿಕ್ಕಮ್ಮ ಬಂದಳು. ಆ ಕರಾರಾದ ದಿನದಿಂದ ಮೈದುನನ ಜೊತೆ ಮಾತು ಬಿಟ್ಟಿದ್ದವಳು. ಅವನ ಎದುರು ಮೊಣಕಾಲೂರಿ ಕೂತು ಮುಖವನ್ನೇ ನೋಡಿದಳು, ಎಷ್ಟೋ ದಿನದ ಮೇಲೆ ನೋಡುವವಳ ಹಾಗೆ.

"ನಿಮ್ಮಣ್ಣ ಎತ್ಲಾಗ್ ನೋಡ್ತಾ ಕೂತವ್ರೋ ಬಿಡು, ಕೂತವ್ರೆ," ಅಂದಳು. "ರುದ್ರ, ನೀನು ಮಲಗಿ ಎಷ್ಟು ದಿನ ಆಯ್ತೋ?"

ಅವನು ಬೆರಳು ಮಡಚಿ ಎಣಿಸಲು ಹೋಗಿ ಬಿಟ್ಟುಬಿಟ್ಟ. ಅವನಿಗೂ ಗೊತ್ತಿರಲಿಲ್ಲವೇನೋ.

ಏಳು ಅಂದಳು. ಇವತ್ತಿಂದ ಹುಡುಗನ್ನ ನಾನು ನೋಡ್ಕೋತೀನಿ, ಗೋಡೆಯಾಚೆ ಇದ್ಕೊಂಡು ಬರೀ ಕೇಳಿಸ್ಕೋತಾ ಕೂತಿದ್ದೆ, ನಂದೂ ತಪ್ಪೇ ಅಂದಳು. ತೋಳು ಹಿಡಿದು ಎಬ್ಬಿಸಿದಳು. ನಾನು ಪೆಟ್ಟಿಗೆ ಹೊತ್ತು ಹಿಂದೆ ನಡೆದೆ. ರುದ್ರಪ್ಪನ ಮನೆ ಮುಟ್ಟಿದ ಕೂಡಲೇ ಅವಳು ಕೊಡೆಯನ್ನು ಬಾಗಿಲಿಗೆ ಒರಗಿಸಿ ನೇರ ಮಂಜುವಿನ ಕೋಣೆಗೆ ಹೋದಳು. ಹುಡುಗನನ್ನು ಮಗ್ಗುಲು ಹೊರಳಿಸಬೇಕಿತ್ತು, ಅವಳೊಬ್ಬಳ ಕೈಲಿ ಆಗಲಿಲ್ಲ. ನನ್ನನ್ನು ಕರೆದಳು. ತಲೆಯ ಕಡೆ ಅವಳು, ಕಾಲಿನ ಕಡೆ ನಾನು. ಮೊದಲ ಸಲ ಸರಿಯಾಗಲಿಲ್ಲ, ಮಂಜು ನೋವಿನಲ್ಲೇ ನಕ್ಕು, ಹಂಗಲ್ಲ, ಅಪ್ಪನ್ನ ಕೇಳಿ ಅಂದ.

ಕೇಳೋಣ ಅಂತ ಹೊರಗೆ ಬಂದೆ. ರುದ್ರಪ್ಪ ಜಗಲಿಯ ಮೇಲೆ, ಚಪ್ಪಲಿ ಕೂಡ ಬಿಡದೆ, ಬಾಯಿ ತೆರೆದುಕೊಂಡು ಮಲಗಿಬಿಟ್ಟಿದ್ದ. ಎಬ್ಬಿಸದೆ ಒಳಗೆ ಹೋಗಿ, ನಾವೇ ಕಲಿತುಕೊಳ್ಳೋಣ ಅಂದೆ.